ಎರಡನೇ ಮೇಜು

ಬಾಯಿ ತೆರೆಯುವ ಮೊದಲೇ ಮೇಲ್ವಿಚಾರಕಿ ಅರ್ಧ ಬಾಟಲಿ ನೀರು ಮುಗಿಸಿದ್ದಳು. ವಾರವೆಲ್ಲ ಗಾಜಿನ ಲೋಟದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ನೋಡಿಕೊಳ್ಳುವವಳು, ಶನಿವಾರ ಮಾತ್ರ ಎಂಬಿಎ ವಿದ್ಯಾರ್ಥಿನಿ. ಕೊನೆಯ ಪರೀಕ್ಷೆಯ ಬದಲು ಮೇಷ್ಟ್ರು ಒಂದೇ ಪ್ರಶ್ನೆ ಕೊಟ್ಟಿದ್ದರು: ನೀವು ದುಡಿಯುವಲ್ಲಿ ದಂಡವಾಗುತ್ತಿರುವ ಕೆಲಸ ಯಾವುದು, ಅಳೆದು ತೋರಿಸಿ. ಅವಳ ಉತ್ತರ ಕೇಳಲು ಕಾರ್ಖಾನೆಯ ಮ್ಯಾನೇಜರೂ ತರಗತಿಗೆ ಬಂದು ಕೂತಿದ್ದರು. ಇವತ್ತು ಗೆದ್ದರೆ ವಿಭಾಗದ ಮುಖ್ಯಸ್ಥೆಯ ಕುರ್ಚಿ ಅವಳಿಗೇ ಎಂದು ಮೊದಲೇ ಹೇಳಿಟ್ಟಿದ್ದರು.

ಅವಳು ತೋರಿಸಿದ್ದು ಎರಡನೇ ಮೇಜನ್ನು. ಮೊದಲ ಮೇಜಿನಲ್ಲಿ ತಾನು ನೋಡಿ ಕಳಿಸಿದ ಪೆಟ್ಟಿಗೆಗಳನ್ನೇ ಅಲ್ಲಿ ಅಕ್ಕ ಇನ್ನೊಮ್ಮೆ ನೋಡುತ್ತಾಳೆ. ನಾಲ್ಕು ವಾರ ಗುರುತು ಹಾಕಿದರೂ ಅಕ್ಕನ ಕೈಗೆ ಒಂದು ತಪ್ಪೂ ಸಿಕ್ಕಿರಲಿಲ್ಲ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಕೈಹಿಡಿದು ಕೆಲಸ ಕಲಿಸಿದವಳು. ಉಂಡ ಮನೆಯ ಜಂತೆ ಎಣಿಸುತ್ತಿದ್ದೇನಲ್ಲ ಎಂದು ಮನಸ್ಸು ಚುಚ್ಚಿತ್ತು. ಅಂಕಿಗೆ ದಾಕ್ಷಿಣ್ಯವಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು, ಆ ಸಮಾಧಾನವೂ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಲೇ ಇತ್ತು.

ಮ್ಯಾನೇಜರ್ ಹಿಗ್ಗಿದರು. "ಅಂಗೈ ಹುಣ್ಣಿಗೆ ಕನ್ನಡಿ ಯಾಕಮ್ಮ? ಸೋಮವಾರಾನೇ ಆ ಮೇಜು ಎತ್ತಿಸಿಬಿಡೋಣ. ಅವರಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

ಅವಳು ಬಾಟಲಿ ಎತ್ತಿದಳು, ಖಾಲಿ.

ಅಲ್ಲಿಯವರೆಗೆ ಸುಮ್ಮನೆ ಹಾಳೆ ತಿರುವುತ್ತಿದ್ದ ಮೇಷ್ಟ್ರು, ಕಾರ್ಖಾನೆ ವಾರಕ್ಕೆ ಎಷ್ಟು ದಿನ ನಡೆಯುತ್ತದೆ ಎಂದು ಕೇಳಿದರು. ಆರು ದಿನ ಎಂದಳು.

"ನೀವು ಅಳೆದಿರೋದು ಐದೇ ದಿನ."

"ಶನಿವಾರ ನಾನು ಇಲ್ಲಿರ್ತೀನಲ್ಲ ಸರ್."

"ಹೌದಲ್ಲ. ಹಾಗಾದ್ರೆ ಇವತ್ತು ನಿಮ್ಮ ಮೇಜಿನಲ್ಲಿ ಯಾರಿದ್ದಾರೆ?"

ಎರಡು ವರ್ಷದಿಂದ ಪ್ರತಿ ಶನಿವಾರ ಅಕ್ಕ ಎರಡೂ ಮೇಜಿನ ನಡುವೆ ಒಬ್ಬಳೇ ಓಡಾಡುತ್ತಿದ್ದಳು. ನೀನು ಹೋಗಿ ಓದ್ಕೊ, ಇಲ್ಲಿ ನಾನಿದೀನಿ ಎಂದು ಕಳಿಸಿದ್ದೂ ಅವಳೇ. ಚೆನ್ನಾಗಿ ಗೊತ್ತಿದ್ದ ಈ ಮಾತು ಅಳೆಯುವಾಗ ನೆನಪಿಗೇ ಬಂದಿರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಎರಡನೇ ಮೇಜಿನ ಅಕ್ಕ, ಸರ್" ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

ಗಂಟೆ ನೋಡಲೆಂದು ಎದುರಿಗಿಟ್ಟುಕೊಂಡಿದ್ದ ಮೊಬೈಲು ಆಗಲೇ ಗುರುಗುಟ್ಟಿತು. ಶನಿವಾರದ ಲಾರಿ ಹೊರಟ ಮೇಲೆ ಅಕ್ಕ ತಪ್ಪದೆ ಫೋನು ಮಾಡಿ ಹೇಳುವ ಹೊತ್ತು. ಪರದೆಯ ಮೇಲಿನ ಹೆಸರನ್ನು ಮ್ಯಾನೇಜರೂ ಓದಿದರು. ಅದನ್ನು ನಿಲ್ಲಿಸಲು ಅವಳು ಕೈ ಚಾಚಿದಳು.

"ಎತ್ಕೊಳ್ಳಿ" ಎಂದರು ಮೇಷ್ಟ್ರು. "ಸೋಮವಾರದವರೆಗೂ ಯಾಕೆ? ನಿಮ್ಮ ಮೇಜು ದಂಡ ಅಂತ ಅವರಿಗೆ ಈಗಲೇ ಹೇಳಿಬಿಡಿ."