ಗದಗಿಗೆ ಬಿಸಿಲು ಹಾಕಿದ್ದು

ಚಂದ್ರನ ಬೆನ್ನಿಗೆ ಬೆಳಕು ಹಾಕಿಕೊಟ್ಟವನು ನಾನೇ, ಅದೂ ಒಂದೇ ಕೈಯಲ್ಲಿ, ಇನ್ನೊಂದರಲ್ಲಿ ಮಿರ್ಚಿ ತಿನ್ನುತ್ತ. ಅಂಥವನನ್ನು ಗದಗಿನವರು ಜುಜುಬಿ ಕೆಲಸಕ್ಕೆ ಕರೆಸಿದರು. ಊರಿಗೆ ಮುಚ್ಚಿರುವ ತಗಡಿನ ಆಕಾಶದಿಂದ ಬಿಸಿಲು ಬಿಡುವ ಸರ್ವರಿಗೆ ತಂತ್ರಾಂಶವನ್ನು ಹೊಸದಾಗಿ ಹಾಕಬೇಕಿತ್ತು.

ಅದರೊಳಗೆ ಯಂತ್ರವನ್ನು ನಡೆಸುತ್ತಿದ್ದದ್ದು ಲಿನಕ್ಸ್, ಅದರಲ್ಲೂ ನಾನು ಕಂಡರಿಯದ ಯಾವುದೋ ಬಗೆ. ತಂತ್ರಾಂಶ ಹಾಕಲು ನನಗೆ ಗೊತ್ತಿದ್ದ ‘ಆಪ್ಟ್’ ಎಂಬ ಆಜ್ಞೆಯನ್ನು ಹನ್ನೊಂದು ಸಲ ಕೊಟ್ಟೆ. ಹನ್ನೊಂದು ಸಲವೂ ‘ಅಂಥ ಆಜ್ಞೆ ಇಲ್ಲ’ ಎಂದಿತು.

“ಇದೂ ಒಂದು ಲಿನಕ್ಸಾ? ದನದ ಕೊಟ್ಟಿಗೆ!” ಎಂದು ಉಗಿದೆ.

ಸಂಡಿಗೆ ಮಾರುವ ಶಂಕ್ರವ್ವ ಬಾಗಿಲಲ್ಲೇ ಕೂತಿದ್ದಳು. ಎರಡು ದಿನದಿಂದ ಬಿಸಿಲಿಲ್ಲದೆ ಅವಳ ನಾಲ್ಕು ಚಾಪೆ ಸಂಡಿಗೆ ಹಳಸುವುದರಲ್ಲಿತ್ತು.

“ಇಂಥಾವು ಎಷ್ಟ್ ಮಾಡೀಯೋ ತಮ್ಮಾ?”

“ಸಾವಿರ ಕಣಕ್ಕಾ!”

ಅವಳು ಎದ್ದು ಬಂದು ಯಂತ್ರಕ್ಕೆ ದಾರದಲ್ಲಿ ಕಟ್ಟಿದ್ದ ಪುಸ್ತಕ ತೆರೆದಳು. “ಮೊದಲನೇ ಹಾಳ್ಯಾಗ ಬರದಾರಲ್ಲೋ, ಇಲ್ಲಿ ಆಪ್ಟ್ ನಡಿಯಂಗಿಲ್ಲ, ಡಿಎನ್‌ಎಫ್ ಅನಬೇಕಂತ. ಸಾವಿರ ಮಾಡಿದಾವಗ ಇಷ್ಟೂ ಗೊತ್ತಿಲ್ಲೇನು?”

ಅವಳು ಓದುತ್ತ ಹೋದಳು, ನಾನು ಒತ್ತುತ್ತ ಹೋದೆ. ಅಂಗಳಕ್ಕೆ ಬಿಸಿಲು ಬಿತ್ತು. ಜನ ನುಗ್ಗಿಬಂದು ನನ್ನ ಕೊರಳಿಗೇ ಹಾರ ಹಾಕಿದರು. ಶಂಕ್ರವ್ವ ಪುಸ್ತಕ ಮುಚ್ಚುತ್ತ ನನ್ನ ಮುಖ ನೋಡಿದಳು.

“ಮಾಡಿದ್ದು ನಾನಲ್ಲ, ಈ ಅಕ್ಕ,” ಎಂದೆ, ಹಾರ ತೆಗೆಯುತ್ತ. “ನಾನು ಇದಕ್ಕೆ ಮುಂಚೆ ಹಾಕಿದ್ದು ಒಂದೇ ಸರ್ವರ್, ನಮ್ಮೂರಿಂದು. ಅದನ್ನೂ ನಮ್ಮಣ್ಣ ಪಕ್ಕದಲ್ಲಿ ನಿಂತು ಹೇಳ್ಕೊಟ್ಟಿದ್ದ.”