ಬಚ್ಚಲಿನ ನೆಲ

ಅಂಗಡಿಯವನು ಬೇಡ ಬೇಡ ಅನ್ನುವಷ್ಟರಲ್ಲಿ ಅಜ್ಜಿ ಕೈಚೀಲದಿಂದ ಸೋಪುನೀರಿನ ಬಾಟಲಿ ತೆಗೆದು, ಬಚ್ಚಲಿಗೆಂದು ಮಗ ಮೆಚ್ಚಿದ್ದ ಟೈಲ್ಸಿನ ಮೇಲೆ ಸುರಿದೇಬಿಟ್ಟಳು.

“ಕನ್ನಡಿ ಥರ ಮುಖ ಕಾಣತ್ತಮ್ಮ!” ಅಂದ ಮಗ.

“ನೆಲದಲ್ಲಿ ಮುಖ ಕಾಣೋದು ಮಕಾಡೆ ಬಿದ್ದಾಗಲೇ ಕಣೋ. ನಡಿ ನೋಡೋಣ.”

ಚಪ್ಪಲಿ ಬಿಚ್ಚಿ ಜಂಬದಿಂದ ಹೆಜ್ಜೆಯಿಟ್ಟ ಮಗ ಸರ್ರನೆ ಜಾರಿ ಅಂಗಡಿಯವನ ಕುತ್ತಿಗೆಗೆ ಜೋತುಬಿದ್ದ.

ಉಳಿದ ಸೋಪುನೀರನ್ನು ಅಜ್ಜಿ ಪಕ್ಕದಲ್ಲಿ ಹಾಸಿದ್ದ ಮಂಕು ಬಣ್ಣದ ಒರಟು ಟೈಲ್ಸಿಗೆ ಚೆಲ್ಲಿದಳು. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವಳು ಸೊಸೆಯ ಕೈ ಹಿಡಿಯದೆ ಸ್ನಾನಕ್ಕೆ ಹೋದದ್ದೇ ಇಲ್ಲ. ಈಗಲೂ, ಅಂಗಡಿಗೆ ಜೊತೆಗೆ ಬಂದಿದ್ದ ಸೊಸೆ ಓಡಿಬಂದು ಕೈ ಹಿಡಿದಳು.

“ಬಿಡೇ ಕೈನ,” ಅಂದಳು ಅಜ್ಜಿ. ಬರಿಗಾಲಲ್ಲಿ ಆ ತುದಿಯವರೆಗೆ ನಡೆದು, ತಿರುಗಿ ಬಂದು ಮಗನಿಗೆ ಹೇಳಿದಳು: “ಇದನ್ನೇ ಹಾಕ್ಸು. ನಾನು ಬಿದ್ದ ಮೇಲೆ ಬಚ್ಚಲ ಬಾಗಿಲ ಒಳಗಿಂದ ಕಿತ್ತಾಕಿದ್ಯಲ್ಲ, ಆ ಚಿಲಕಾನೂ ಹಾಕ್ಸು.”