ಮಣ್ಣೊಳಗಿನ ಸಾಲು

"ಆ ತಾಯಿ ಪಾದದ ಹತ್ರ ಗುದ್ದಲಿ ಹಾಕಬಾರ್ದು ಸಾಮಿ," ಎಂದು ಬೈರಯ್ಯ ಕಲ್ಲಿಗೆ ಅಡ್ಡ ನಿಂತ.

ಕೆಂಗೇರಿಯ ಅವನ ಗದ್ದೆಯ ಬದುವಿನಲ್ಲಿದ್ದ ಆ ಹಳೆಯ ಕಲ್ಲಿನ ಮೇಲೆ ಕತ್ತಿ ಹಿಡಿದ ಗಂಡು, ಪಕ್ಕದಲ್ಲಿ ಕೈಯೆತ್ತಿದ ಹೆಣ್ಣು, ಕೆಳಗೆ ಹಳೆಯ ಲಿಪಿಯ ಸಾಲುಗಳು. ಚನ್ನಕೇಶವಯ್ಯನವರು ಹರೆಯದಲ್ಲಿ ಇದನ್ನೇ ಓದಿ ಪುಸ್ತಕ ಬರೆದು ಇತಿಹಾಸದ ಪ್ರೊಫೆಸರ್ ಆದವರು. 'ಗಂಡ ಕಾಳಗದಲ್ಲಿ ಮಡಿದ ಮೇಲೆ ಹೆಂಡತಿ' ಎಂಬಲ್ಲಿಗೆ ಅಕ್ಷರಗಳು ಮಣ್ಣಿಗಿಳಿದಿದ್ದವು. ಊರವರು ಆಗಲೂ ಅಗೆಯಗೊಡಲಿಲ್ಲ. ಅಂಥ ಕಲ್ಲುಗಳಲ್ಲಿ ಇನ್ನೇನಿರುತ್ತದೆ ಎಂದುಕೊಂಡು ಇವರೇ 'ಬೆಂಕಿ ಹೊಕ್ಕಳು' ಎಂದು ವಾಕ್ಯ ಮುಗಿಸಿಬಿಟ್ಟರು. ಆದರೂ ತಲೆಯಲ್ಲಿ ಹುಳ ಕೊರೆಯುತ್ತಲೇ ಇತ್ತು. ರಿಟೈರಾಗುವ ಮುಂಚೆ ಒಮ್ಮೆ ಕಣ್ಣಾರೆ ನೋಡಿಬಿಡೋಣವೆಂದು ಬೆಳಗಿನ ರೈಲಿಗೆ ಬಂದಿಳಿದಿದ್ದರು.

"ನೋಡೋಕೇನೈತೆ? ನಿಮ್ ಬುಕ್ಕಲ್ಲೇ ಅಚ್ಚಾಗೈತೆ, ಸ್ಕೂಲ್ ಮೇಷ್ಟ್ರು ಓದಿ ಹೇಳವ್ರೆ. ಗಂಡ ಹೋದ್ಮೇಲೆ ಆ ತಾಯಿ ಗದ್ದೆ ಮನೆ ಅಂತ ಕೂತ್ಕೊಂಡ್ಲಾ?" ಬೈರಯ್ಯ ಕೇಳಿದ್ದು ಪ್ರೊಫೆಸರನ್ನು, ನೋಡಿದ್ದು ಸೊಸೆಯನ್ನು.

ಸೊಸೆ ಅಣ್ಣಮ್ಮ ಬದುವಿನಾಚೆ ನಿಂತಿದ್ದಳು. ಗಂಡ ತೀರಿಕೊಂಡಾಗಿನಿಂದ ಈ ಗದ್ದೆಯನ್ನು ಒಬ್ಬಳೇ ಮಾಡಿಕೊಂಡು ಬಂದವಳು. ಮಾವ ಅದನ್ನು ಕಿರಿಮಗನಿಗೆ ಬಿಟ್ಟುಕೊಟ್ಟು, ಇವಳನ್ನು ಮಾರನೆಯ ದಿನವೇ ತವರಿಗೆ ಸಾಗಹಾಕಲು ಎತ್ತಿನಗಾಡಿ ಗೊತ್ತು ಮಾಡಿದ್ದ.

ಅಣ್ಣಮ್ಮ ಗುದ್ದಲಿ ತಂದು ಕಲ್ಲಿನ ಬುಡಕ್ಕೆ ಹಾಕಿಯೇಬಿಟ್ಟಳು.

"ಪಾಪ ಬಂದ್ರೆ ನಂಗೆ ಬರ್ಲಿ ಮಾವ. ನಾಳೆ ಹೋಗೋಳು ತಾನೆ."

ಬೈರಯ್ಯ ಬೈಯುತ್ತಲೇ ಇದ್ದ. ಗುಂಡಿಯೊಳಕ್ಕೆ ಬಗ್ಗಿ ನೋಡುವುದನ್ನೂ ಬಿಡಲಿಲ್ಲ. ಪ್ರೊಫೆಸರು ಬಿಳಿ ಪಂಚೆಯಲ್ಲೇ ಕೆಸರಿಗೆ ಮಂಡಿಯೂರಿ, ನೀರು ಸುರಿದು, ತೆಂಗಿನ ನಾರಿನಿಂದ ಉಜ್ಜಿ, ಬೆರಳಾಡಿಸುತ್ತ ಓದಿದರು. ಮತ್ತೊಮ್ಮೆ ಓದಿದರು.

"ಏನೈತೆ ಸಾಮಿ?" ಅಣ್ಣಮ್ಮ ಕೇಳಿದಳು.

ಒಂದು ಸುಳ್ಳು ಹೇಳಿದ್ದರೆ ಪುಸ್ತಕ ಉಳಿಯುತ್ತಿತ್ತು. ಆ ಹಳೆಯ ಲಿಪಿ ಓದಬಲ್ಲವರು ಅಲ್ಲಿ ಬೇರೆ ಯಾರಿದ್ದರು?

"ಬೆಂಕಿ ಹೊಕ್ಕಿಲ್ಲಮ್ಮ," ಎಂದರು ಮೆಲ್ಲಗೆ. "ಕೆರೆಗೆ ತೂಬು ಇಡಿಸಿ, ಗದ್ದೆ ಮಾಡಿಸಿ, ಗಂಡನ ಹೆಸರಲ್ಲಿ ಈ ಕಲ್ಲು ನಿಲ್ಲಿಸಿದಳು. ಅಷ್ಟೇ ಇರೋದು."

"ಮತ್ತೆ ಬುಕ್ಕು?" ಎಂದ ಬೈರಯ್ಯ.

"ಬುಕ್ಕು ತಪ್ಪು."

ಬೈರಯ್ಯನಿಗೆ ದಿಗಿಲಾಯಿತು. ಮೊದಲು ಗುಂಡಿ ಮುಚ್ಚಬೇಕೆಂದು ಗುದ್ದಲಿಗಾಗಿ ಸುತ್ತ ತಡಕಾಡಿದ. ಅಣ್ಣಮ್ಮ ಅದನ್ನು ಹೆಗಲಿಗೇರಿಸಿಕೊಂಡು, ಗದ್ದೆಗೆ ನೀರು ಕಟ್ಟಲು ಆಗಲೇ ತೂಬಿನ ಕಡೆ ಹೊರಟಿದ್ದಳು.